ವಾಟ್ಸ್‌ಆ್ಯಪ್‌ಗೆ ಬಂದ ವಿಡಿಯೊವನ್ನು ‘ಇದು ನಿಜವೇ?’ ಎಂದು ಕೇಳಿ ಗ್ರೂಪಿಗೆ ಹಾಕಬಹುದೇ?

ನೀವು ತಾಲ್ಲೂಕು ವರದಿಗಾರರು. ಪತ್ರಿಕೆಗೆ ಕಳಿಸುವ ಮೊದಲು, ಕೈಗೆ ಬಂದ ವಿಡಿಯೊವನ್ನು ‘ಇದು ನಿಜವೇ? ಗೊತ್ತಿದ್ದವರು ಹೇಳಿ’ ಎಂದು ಊರಿನ ಗ್ರೂಪಿಗೆ ಹಾಕಿದರೆ ತಪ್ಪೇನು, ಮತ್ತೆ ಅದನ್ನು ಪರಿಶೀಲಿಸುವುದು ಹೇಗೆ ಎಂದು ಕೇಳಿದ್ದೀರಿ.

ತಪ್ಪೇ. ಪ್ರಶ್ನೆ ಸೇರಿಸಿ ಕಳಿಸಿದರೂ ಅದು ಫಾರ್ವರ್ಡೇ. ಮುಂದಿನವರು ವಿಡಿಯೊ ಒಂದನ್ನೇ ದಾಟಿಸುತ್ತಾರೆ, ನಿಮ್ಮ ಪ್ರಶ್ನೆ ಹಿಂದೆಯೇ ಉಳಿಯುತ್ತದೆ. ಜೊತೆಗೆ ಹೋಗುವುದು ‘ಪೇಪರಿನವರೇ ಹಾಕಿದ್ದಾರಂತೆ’ ಎಂಬ ಮಾತು. ಊರಿನವರ ಲೆಕ್ಕದಲ್ಲಿ ವರದಿಗಾರರಿಗೆ ಖಾಸಗಿ ಸ್ಟೇಟಸ್ ಎಂಬುದೇ ಇಲ್ಲ.

2018ರ ಮಕ್ಕಳ ಕಳ್ಳರ ವದಂತಿ ನೆನಪಿಸಿಕೊಳ್ಳಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಆಗ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು. ಅದು ಪಾಕಿಸ್ತಾನದ ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ ಜಾಗೃತಿ ಚಿತ್ರ. ಮಗುವನ್ನು ಮರಳಿ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂದು ಶಂಕಿಸಿ ಜನ ಹೊಡೆದು ಕೊಂದರು. ಬೀದರ್‌ನಲ್ಲಿ ಸತ್ತವರ ತಂಡ ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದಷ್ಟೆ. ಅವರ ಕಾರು ಮುರ್ಕಿ ತಲುಪುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ತಲುಪಿತ್ತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸುವ ಮಿತಿ ಬಂದದ್ದು ಅದೇ ಜುಲೈಯಲ್ಲಿ.

ಹಾಗಾಗಿ ಕೇಳಲೇಬೇಕಿದ್ದರೆ ವಿಡಿಯೊ ಬಿಟ್ಟು, ಬರೀ ಅಕ್ಷರದಲ್ಲಿ, ಒಬ್ಬೊಬ್ಬರನ್ನೇ ಕೇಳಿ. ಮೊದಲು ನಿಮಗೆ ಕಳಿಸಿದವರನ್ನು: ‘ನೀವೇ ತೆಗೆದದ್ದಾ, ಯಾರಿಂದ ಬಂತು?’ ಸಂದೇಶದ ಮೇಲೆ ವಾಟ್ಸ್‌ಆ್ಯಪ್ ಹಾಕುವ ಜೋಡಿ ಬಾಣದ ಗುರುತಿದ್ದರೆ ಅದು ಐದಾದರೂ ಕೈ ದಾಟಿ ಬಂದಿದೆ. ತೆಗೆದವರು ನಿಮ್ಮ ಊರಿನವರಾಗಿರುವ ಸಾಧ್ಯತೆ ಕಡಿಮೆ. ತೆಗೆದವರು ಸಿಕ್ಕರೆ ಮೂಲ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ತೆಗೆದ ಸಮಯ, ಜಾಗದ ವಿವರ ಅಳಿದುಹೋಗುತ್ತದೆ. ಡಾಕ್ಯುಮೆಂಟ್‌ನಲ್ಲಿ ಬಂದರೆ ಉಳಿದಿರಬಹುದು. ಆದರೂ ಅದೊಂದನ್ನೇ ನಂಬಬೇಡಿ, ಆ ವಿವರವನ್ನು ತಿದ್ದಲೂ ಬರುತ್ತದೆ.

ಆಮೇಲೆ ವಿಡಿಯೊವನ್ನು ಅಲ್ಲಲ್ಲಿ ನಿಲ್ಲಿಸಿ ನಾಲ್ಕೈದು ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅಲ್ಲಿ ಸಿಗದಿದ್ದರೆ ಯಾಂಡೆಕ್ಸ್ ಎಂಬ ಇನ್ನೊಂದು ಹುಡುಕು ತಾಣದಲ್ಲಿ. ಮುಖಗಳಿಗಿಂತ ಕಟ್ಟಡ, ಬೋರ್ಡು ಇರುವ ಚೌಕಟ್ಟು ಆರಿಸಿ. ಹಳೆಯ ವಿಡಿಯೊ ಆಗಿದ್ದರೆ ಬಹಳ ಸಲ ಇಷ್ಟಕ್ಕೇ ಸಿಕ್ಕಿಬೀಳುತ್ತದೆ. ಏನೂ ಸಿಗಲಿಲ್ಲವೆಂದರೆ ನಿಜವೆಂದಲ್ಲ, ಆ ಹುಡುಕಾಟಕ್ಕೆ ಸಿಕ್ಕಿಲ್ಲ ಎಂದಷ್ಟೇ ಅರ್ಥ.

ಇನ್ನು ಕಣ್ಣಿನ ಕೆಲಸ, ಇದರಲ್ಲಿ ಊರಿನ ವರದಿಗಾರರನ್ನು ಮೀರಿಸುವವರಿಲ್ಲ. ವಾಹನದ ನೋಂದಣಿ: ಕೆಎ-38 ಬೀದರ್‌ನದು, ಕೆಎ-36 ರಾಯಚೂರಿನದು. ಬಸ್ಸು ಯಾವ ಸಾರಿಗೆ ನಿಗಮದ್ದು, ಅಂಗಡಿ ಬೋರ್ಡಿನ ಕೊನೆಯ ಸಾಲಿನಲ್ಲಿ ಯಾವ ಊರಿದೆ, ಜನ ಮಾತಾಡುವ ಕನ್ನಡ ಯಾವ ಕಡೆಯದು ಎಂದು ನೋಡಿ. ದನಿಯನ್ನು ಬೇರೆಯಾಗಿ ಅಂಟಿಸಿರಬಹುದು, ತುಟಿಯ ಚಲನೆಗೆ ಹೊಂದುತ್ತದೆಯೇ ಗಮನಿಸಿ. ಕೊನೆಗೆ ಠಾಣೆಗೆ ಫೋನು. ‘ಏನಾದರೂ ಆಗಿದೆಯಾ ಸಾರ್?’ ಎಂದರೆ ಉತ್ತರವೂ ಹಾಗೇ ಬರುತ್ತದೆ. ‘ಇಂಥ ದಿನ, ಇಂಥ ಜಾಗದ ಬಗ್ಗೆ ದೂರು ದಾಖಲಾಗಿದೆಯೇ, ಎಫ್‌ಐಆರ್ ಸಂಖ್ಯೆ ಎಷ್ಟು?’ ಎಂದು ಕೇಳಿ, ಉತ್ತರಿಸಿದವರ ಹುದ್ದೆ ಮತ್ತು ಸಮಯ ಬರೆದಿಟ್ಟುಕೊಳ್ಳಿ.

ವಿಡಿಯೊ ನಿಜವೇ ಎಂದಾದರೂ ಹಾಕಬಹುದು ಎಂದಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಪೋಕ್ಸೊ ಕಾಯ್ದೆಯ ಸೆಕ್ಷನ್ 23 ಹೆಸರು, ಫೋಟೊ ಮಾತ್ರವಲ್ಲ, ವಿಳಾಸ, ಕುಟುಂಬ, ಶಾಲೆ, ನೆರೆಹೊರೆಯ ವಿವರವನ್ನೂ ತಡೆಯುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 72ರ ಅಡಿ ಎರಡು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಪತ್ರಿಕೆಯಲ್ಲಿ ಎಚ್ಚರ ವಹಿಸುವವರೂ ಎಡವುವುದು ವಾಟ್ಸ್‌ಆ್ಯಪ್‌ನಲ್ಲಿ: ಪ್ರೆಸ್ ಗ್ರೂಪಿಗೆ ಎಫ್‌ಐಆರ್ ಪ್ರತಿ ಹಾಗೇ ಬಂದುಬೀಳುತ್ತದೆ. ಹೆಸರು ಬಿಟ್ಟು ‘ಇಂಥ ಗ್ರಾಮದ ಇಂಥ ಶಾಲೆಯ ಒಂಬತ್ತನೇ ತರಗತಿ ವಿದ್ಯಾರ್ಥಿನಿ’ ಎಂದು ಬರೆದರೆ ಇಡೀ ಊರಿಗೆ ಗೊತ್ತಾಗುತ್ತದೆ, ಹೆಸರು ಬಿಟ್ಟು ಏನೂ ಪ್ರಯೋಜನವಾಗಲಿಲ್ಲ.

ಗುರುತು ಮುಚ್ಚುವ ಕೈಕೆಲಸದಲ್ಲೂ ತಪ್ಪಾಗುತ್ತದೆ. ಮೊಬೈಲಿನ ಹೈಲೈಟರ್ ಬ್ರಷ್‌ನಿಂದ ಕಪ್ಪು ಬಳಿದರೆ ಬಣ್ಣ ಪೂರ್ತಿ ಮುಚ್ಚಿರುವುದಿಲ್ಲ, ಬ್ರೈಟ್‌ನೆಸ್ ಏರಿಸಿದರೆ ಅಡಿಯ ಅಕ್ಷರ ಕಾಣಬಹುದು. ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಇಟ್ಟರೆ ಕೆಳಗಿನ ಅಕ್ಷರವನ್ನು ಕಾಪಿ ಮಾಡಲು ಬರುತ್ತದೆ. ಗಟ್ಟಿ ಬಣ್ಣದ ಚೌಕ ಹಾಕಿ, ಅದರ ಸ್ಕ್ರೀನ್‌ಶಾಟ್ ತೆಗೆದು, ಆ ಸ್ಕ್ರೀನ್‌ಶಾಟನ್ನೇ ಬಳಸಿ. ವಿಡಿಯೊ ಆದರೆ ಮುಖದ ಜೊತೆ ದನಿ, ಶಾಲಾ ಸಮವಸ್ತ್ರ, ಮನೆಯ ಮುಂಭಾಗ, ಬೈಕ್ ನಂಬರ್ ಎಲ್ಲವೂ ಹೋಗಬೇಕು.

ಅಪಘಾತದಲ್ಲಿ ತೀರಿಕೊಂಡವರ ಫೋಟೊವನ್ನು ಫೇಸ್‌ಬುಕ್‌ನಿಂದ ಎತ್ತಬೇಡಿ. ಒಂದೇ ಹೆಸರಿನವರು ಒಂದೇ ತಾಲ್ಲೂಕಿನಲ್ಲಿ ಎಷ್ಟೋ ಮಂದಿ. ಬದುಕಿರುವವರ ಮುಖ ಸಾವಿನ ಸುದ್ದಿಯ ಪಕ್ಕ ಬಂದುಬಿಡುತ್ತದೆ. ಮನೆಯವರಿಗೆ ವಿಷಯ ಮುಟ್ಟಿದೆಯೇ ಎಂದು ಠಾಣೆಯಲ್ಲಿ ಖಚಿತಪಡಿಸಿಕೊಂಡು, ಅವರು ಒಪ್ಪಿ ಕೊಟ್ಟ ಫೋಟೊ ಬಳಸಿ.

ಎಚ್ಚರದ ನಡುವೆಯೂ ತಪ್ಪು ಹೋಯಿತೆನ್ನಿ. ಮೊದಲು ‘ಎಲ್ಲರಿಗೂ ಅಳಿಸಿ’ ಒತ್ತಿ. ಅದಕ್ಕೆ ಕಳಿಸಿದ ಮೇಲೆ ಸುಮಾರು ಎರಡು ದಿನದವರೆಗಷ್ಟೇ ಅವಕಾಶ, ಮತ್ತು ಬೇರೆಯವರು ಆಗಲೇ ಫಾರ್ವರ್ಡ್ ಮಾಡಿದ ಪ್ರತಿಗಳು ಅಳಿಯುವುದಿಲ್ಲ. ಆದ್ದರಿಂದ ಅದೇ ಗ್ರೂಪಿನಲ್ಲಿ ಬರೆಯಿರಿ: ‘ಇಂದು ಬೆಳಿಗ್ಗೆ 10ಕ್ಕೆ ನಾನು ಹಾಕಿದ ವಿಡಿಯೊ ನಮ್ಮ ತಾಲ್ಲೂಕಿನದಲ್ಲ. ತಪ್ಪು ನನ್ನದು. ಯಾರಿಗಾದರೂ ಕಳಿಸಿದ್ದರೆ ದಯವಿಟ್ಟು ಅವರಿಗೆ ಈ ಮಾತನ್ನೂ ಕಳಿಸಿ.’ ಸ್ಟೇಟಸ್‌ನಲ್ಲಿ ಹಾಕಿದ್ದರೆ ತಿದ್ದುಪಡಿಯೂ ಸ್ಟೇಟಸ್‌ನಲ್ಲೇ ಬರಲಿ, ಅದು ಪೂರ್ತಿ 24 ಗಂಟೆ ಅಲ್ಲಿರಲಿ. ಆ ಸುಳ್ಳು ವಿಡಿಯೊವನ್ನು ತಿದ್ದುಪಡಿಯ ಜೊತೆ ಮತ್ತೊಮ್ಮೆ ಲಗತ್ತಿಸಬೇಡಿ.