ಪಾಲುಪತ್ರದ 'ಬೈಲು' ಒಣ ಬಯಲಲ್ಲ

ನಿಮ್ಮ ಅಜ್ಜನ ಪಾಲುಪತ್ರದಲ್ಲಿ 'ಬೈಲು ಗದ್ದೆ' ಎಂದಿದೆ, ಬಯಲು ಎಂದರೆ ಒಣ ಮೈದಾನ ಅಲ್ವಾ, ಹಾಗಿದ್ದರೆ ಅಲ್ಲಿ ನೀರು ಯಾಕೆ ನಿಲ್ಲುತ್ತದೆ ಎಂದು ಕೇಳಿದ್ದೀರಿ. ಜಾಗ ದಕ್ಷಿಣ ಕನ್ನಡದ್ದು ಎಂದಿದ್ದೀರಲ್ಲ, ಉತ್ತರ ಅಲ್ಲೇ ಇದೆ.

ಘಟ್ಟದ ಮೇಲೆ ಬಯಲು ಎಂದರೆ ಮರಗಿಡ ಕಡಿಮೆ ಇರುವ ತೆರೆದ ನೆಲ. ಕರಾವಳಿಯಲ್ಲಿ ಬೈಲು ಎಂದರೆ ಎರಡು ಗುಡ್ಡಗಳ ನಡುವಿನ ತಗ್ಗಿನ ಗದ್ದೆ. ಸುತ್ತಲಿನ ನೀರೆಲ್ಲ ಇಳಿದು ಬರುವುದು ಅಲ್ಲಿಗೇ. ಪಕ್ಕದಲ್ಲಿ ತೋಡು (ಸಣ್ಣ ಹಳ್ಳ) ಇರುತ್ತದೆ, ಮಳೆ ನಿಂತ ಮೇಲೂ ಮಣ್ಣು ಹಸಿಯಾಗಿರುತ್ತದೆ.

ಅಲ್ಲಿ ಗದ್ದೆಗಳನ್ನು ಎತ್ತರ ನೋಡಿ ಮೂರಾಗಿ ಗುರುತಿಸುತ್ತಾರೆ. ಮೇಲಿನದು ಬೆಟ್ಟು, ಮಳೆ ನಂಬಿದ ಒಂದೇ ಬೆಳೆ. ನಡುವಿನದು ಮಜಲು, ಎರಡು ಬೆಳೆ. ಕೆಳಗಿನದು ಬೈಲು. ನೀರು ಚೆನ್ನಾಗಿದ್ದರೆ ಏಣೆಲು (ಮಳೆಗಾಲದ್ದು), ಸುಗ್ಗಿ (ಚಳಿಗಾಲದ್ದು), ಕೊಳಕೆ (ಬೇಸಿಗೆಯದ್ದು) ಎಂದು ವರ್ಷಕ್ಕೆ ಮೂರು ಬೆಳೆ! ಅದಕ್ಕೇ ಪಾಲು ಮಾಡುವಾಗ ಯಾರಿಗೆ ಬೈಲು, ಯಾರಿಗೆ ಬೆಟ್ಟು ಎನ್ನುವುದು ದೊಡ್ಡ ಮಾತು. ಪತ್ರದಲ್ಲಿ ಆ ಪದ ಸುಮ್ನೆ ಬಂದಿಲ್ಲ. (ಬೆಟ್ಟು ಎಂದರೆ ಬೆಟ್ಟ ಎಂದುಕೊಳ್ಳಬೇಡಿ, ಅದೂ ಗದ್ದೆಯೇ.)

ಜೌಗು ಎನ್ನಬಹುದಾ ಎಂದೂ ಕೇಳಿದ್ದೀರಿ. ನಾನಾದರೆ ಅನ್ನುವುದಿಲ್ಲ. ಜೌಗು ಎಂದರೆ ನೀರು ಬಸಿಯದೆ ಕಾಲು ಹೂತುಹೋಗುವ ನೆಲ. ಬೈಲು ಹಾಗಲ್ಲ, ಬದು ಕಟ್ಟಿ, ನೀರು ತಿರುಗಿಸಿ, ತಲೆಮಾರುಗಳಿಂದ ಉತ್ತು ಬಂದ ಮಣ್ಣು.

ಮಣ್ಣು ತುಂಬಿಸಿ ಮನೆ ಕಟ್ಟುವ ಯೋಚನೆ ಇದ್ದರೆ, ದಯವಿಟ್ಟು ಮೊದಲು ಒಂದು ಮಳೆಗಾಲ ಅಲ್ಲಿ ನಿಂತು ನೀರಿನ ದಾರಿ ನೋಡಿ.