ಸಸಿ ನೆಟ್ಟ ಪುಟವನ್ನು ಮತ್ತೆ ಬರೆಯಿರಿ

ನಮಸ್ಕಾರ,

ಫೆಲಿಕ್ಸ್ ಡೆನಿಸ್ ಬಗೆಗಿನ ನಿಮ್ಮ ಲೇಖನ ಓದಿದೆ. ‘ಮ್ಯಾಕ್ಸಿಮ್’ನಂಥ ಪತ್ರಿಕೆಗಳಿಂದ ಹಣ ಗಳಿಸಿದ ಇಂಗ್ಲೆಂಡಿನ ಪ್ರಕಾಶಕ ಮರಕ್ಕೂ ಕವಿತೆಗೂ ಸೋತ ಕಥೆ. ಆಯ್ಕೆ ಒಳ್ಳೆಯದು, ಭಾಷೆಯೂ ತಿಳಿಯಾಗಿದೆ.

ಆದರೆ ಮೂರನೆಯ ಪುಟ ಓದಿ ಸಿಟ್ಟು ಬಂತು. ‘ವಸಂತದ ಹಸಿರಿನಲ್ಲಿ ಹತ್ತು ಲಕ್ಷ ಸಸಿ ನೆಟ್ಟರು, ಭೂತಾಯಿ ಮಡಿಲೊಡ್ಡಿದಳು’ ಎನ್ನುತ್ತೀರಿ. ಇಂಗ್ಲೆಂಡಿನ ವಾರ್ವಿಕ್‌ಶೈರ್ ಪ್ರಾಂತ್ಯದ ಸುತ್ತ ಅವರು ಬೆಳೆಸಿದ ಕಾಡಿನಲ್ಲಿ 2013ರಲ್ಲಿ ಹತ್ತು ಲಕ್ಷ ತುಂಬಿತು, ಅದು ಸರಿ. ‘ವಸಂತ’ ತಪ್ಪು. ಬರಿಬೇರಿನ, ಅಂದರೆ ಬೇರಿಗೆ ಮಣ್ಣಿಲ್ಲದೆ ಕಿತ್ತು ತಂದ, ಸಸಿಯನ್ನು ಅಲ್ಲಿ ನೆಡುವುದು ನವೆಂಬರಿನಿಂದ ಮಾರ್ಚ್‌ವರೆಗೆ, ಎಲೆಯುದುರಿ ಗಿಡ ಸುಪ್ತವಾಗಿರುವಾಗ. ‘ಹತ್ತು ಲಕ್ಷ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಎರಡೂವರೆ ಮೀಟರ್ ಅಂತರ ಹಿಡಿದರೆ ಹೆಕ್ಟೇರಿಗೆ 1,600 ಸಸಿ, ಹತ್ತು ಲಕ್ಷಕ್ಕೆ 625 ಹೆಕ್ಟೇರ್. ಅಷ್ಟು ಹೊಲ ಕೊಳ್ಳಬೇಕಲ್ಲ! ಸಿರಿವಂತಿಕೆ ನಿಜವಾಗಿ ಕೆಲಸಕ್ಕೆ ಬಂದದ್ದೇ ಅಲ್ಲಿ.

‘ಮಡಿಲೊಡ್ಡಿದಳು’ ಹೊಡೆದುಹಾಕಿ. ಜಿಗುಟು ಜೇಡಿಮಣ್ಣು ಮಡಿಲೊಡ್ಡುವುದಿಲ್ಲ. ಗುದ್ದಲಿಯಿಂದ ಸೀಳಿ, ಬೇರಿಳಿಸಿ, ಕಾಂಡ ಮುಗಿದು ಬೇರು ಶುರುವಾಗುವ ಗುರುತಿನ ಮಟ್ಟಕ್ಕೆ ಮಣ್ಣು ಮುಚ್ಚಿ ಹಿಮ್ಮಡಿಯಿಂದ ತುಳಿಯಬೇಕು. ತುಳಿತ ಸಾಲದಿದ್ದರೆ ಬೇಸಿಗೆಯಲ್ಲಿ ಸೀಳು ಬಾಯ್ಬಿಟ್ಟು ಬೇರು ಒಣಗುತ್ತದೆ. ಚೀಲದಿಂದ ತೆಗೆದು ಗಾಳಿಗಿಟ್ಟರೂ ಅದೇ ಗತಿ. ಬುಡದ ಸುತ್ತ ಒಂದು ಮೀಟರ್ ಅಗಲಕ್ಕೆ ಹುಲ್ಲು ಬೆಳೆಯಬಾರದು, ನೀರೆಲ್ಲ ಹುಲ್ಲಿಗೇ ಹೋಗುತ್ತದೆ. ಮೊಲ ಕಡಿಯದಂತೆ ಸಸಿಗೆ ತೊಡಿಸಲು 60 ಸೆಂಟಿಮೀಟರ್ ಎತ್ತರದ ಕೊಳವೆ ಸಾಕು. ಜಿಂಕೆಯಿದ್ದರೆ 1.2 ಮೀಟರಾದರೂ ಬೇಕು. ಮುಂದೆ ಆ ಕೊಳವೆಗಳನ್ನು ಬಿಡಿಸುವುದೂ ದೊಡ್ಡ ಕೆಲಸವೇ.

‘ನೆಟ್ಟರು’, ಸರಿ, ಯಾರು? ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಹಿರಿಯರೊಬ್ಬರು ಪ್ರತಿ ಕ್ರಿಯಾಪದಕ್ಕೂ ಗೆರೆ ಎಳೆದು ಇದೇ ಪ್ರಶ್ನೆ ಬರೆಯುತ್ತಿದ್ದರು. ಇಷ್ಟೊಂದು ಸಸಿ ಒಬ್ಬನ ಕೈಗೆ ಆಗುವಂಥದ್ದಲ್ಲ. ಚಳಿಯಲ್ಲಿ ಬಾಗಿ ನೆಟ್ಟ ಆಳುಗಳು ನಿಮ್ಮ ಪುಟದಲ್ಲಿ ಕಾಣಲೇಬೇಕು.

ಇನ್ನು ‘ಕಟ್ಟುಪಾಡಿಲ್ಲದೆ ಹರಿದ ಕವಿತೆ’ ಎಂಬ ಮಾತು. ಪೂರ್ತಿ ತಲೆಕೆಳಗು! ಐವತ್ತು ದಾಟಿದ ಮೇಲೆ ಬರೆಯತೊಡಗಿದ ಡೆನಿಸ್ ಛಂದಸ್ಸು, ಪ್ರಾಸ ಬಿಡದೆ ಬರೆದವರು. ಊರೂರಿಗೆ ಹೋಗಿ, ಕೇಳಲು ಬಂದವರಿಗೆ ಪುಕ್ಕಟೆ ವೈನ್ ಕೊಟ್ಟು, ಗಟ್ಟಿಯಾಗಿ ಓದಿದವರು. ಅವರ ನಾಲ್ಕು ಸಾಲನ್ನು ಬಾಯಿಬಿಟ್ಟು ಓದಿ, ಗತಿ ಎಣಿಸಿ, ಆಮೇಲೆ ಈ ಪ್ಯಾರಾ ಬರೆಯಿರಿ.

2014ರಲ್ಲಿ ತೀರಿಕೊಂಡಾಗ ಆಸ್ತಿಯ ಬಹುಪಾಲನ್ನು ಆ ಕಾಡಿಗೇ ಬಿಟ್ಟರೆಂಬುದು ನಿಮ್ಮಲ್ಲಿ ಅರ್ಧ ವಾಕ್ಯ. 625 ಹೆಕ್ಟೇರಿನ ಲೆಕ್ಕದ ಪಕ್ಕಕ್ಕೆ ಅದನ್ನು ತನ್ನಿ. ಸಸಿಯ ಪುಟ, ಕವಿತೆಯ ಪುಟ ಎರಡನ್ನು ಮಾತ್ರ ತಿದ್ದಿ ಕಳಿಸಿ, ಉಳಿದದ್ದನ್ನು ಆಮೇಲೆ ನೋಡೋಣ.