ಎ ಪ್ಲಸ್ ಮೊದಲೋ, ಸೆಕ್ಯುರಿಟಿ ಪ್ಲಸ್ ಮೊದಲೋ?

ಪ್ರಶ್ನೆ: ಬಿ.ಕಾಂ. ಮುಗಿಸಿ ಪಿಂಪ್ರಿಯಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಹಿಂಜವಡಿ ಕಡೆ ಐಟಿ ಸಪೋರ್ಟ್ ಕೆಲಸ ಹುಡುಕುತ್ತಿದ್ದೇನೆ. ಕಾಂಪ್‌ಟಿಯಾ ಅನ್ನೋ ಸಂಸ್ಥೆ ಕೊಡೋ ಐಟಿ ಸರ್ಟಿಫಿಕೇಟುಗಳಾದ ಎ ಪ್ಲಸ್ (ಕಂಪ್ಯೂಟರ್ ಸಪೋರ್ಟ್), ನೆಟ್‌ವರ್ಕ್ ಪ್ಲಸ್ (ನೆಟ್‌ವರ್ಕ್), ಸೆಕ್ಯುರಿಟಿ ಪ್ಲಸ್ (ಭದ್ರತೆ) ಮೂರಕ್ಕೂ ಒಟ್ಟಿಗೆ ದುಡ್ಡು ಕಟ್ಟಿ ಅಂತಾರೆ ಕ್ಲಾಸಿನವರು. ಯಾವುದು ಮೊದಲು?
– ಓದುಗ, ಪುಣೆ

ಉತ್ತರ: ಒಟ್ಟಿಗೆ ಕಟ್ಟಬೇಡಿ ಮಾರಾಯ್ರೇ! ಎ ಪ್ಲಸ್ ಅಂದರೆ ಕೋರ್ 1, ಕೋರ್ 2 ಅಂತ ಎರಡು ಪರೀಕ್ಷೆ, ಫೀಸೂ ಎರಡು ಸಲ. ಕಡ್ಡಾಯದ ಕ್ರಮ ಅಂತೇನೂ ಇಲ್ಲ. ರ‍್ಯಾಮ್ ಬದಲಿಸೋದು, ವಿಂಡೋಸ್ ಹಾಕೋದು, ಪ್ರಿಂಟರ್ ಸರಿಮಾಡೋದು ಆಗಲೇ ಕೈಗೆ ಬಂದಿದ್ದರೆ ಎ ಪ್ಲಸ್ ಬಿಟ್ಟು ನೇರ ನೆಟ್‌ವರ್ಕ್ ಪ್ಲಸ್‌ಗೆ ಹೋಗಬಹುದು. ಬಂದಿಲ್ಲ ಅಂದರೆ ಎ ಪ್ಲಸ್‌ನಿಂದಲೇ ಶುರುಮಾಡಿ. ಸೆಕ್ಯುರಿಟಿ ಪ್ಲಸ್ ಕೊನೆಗಿರಲಿ. ಪೋರ್ಟ್ (ನೆಟ್‌ವರ್ಕ್‌ನಲ್ಲಿ ಡೇಟಾ ಹೋಗಿಬರೋ ನಂಬರಿನ ಬಾಗಿಲು) 22 ಯಾಕೆ, 443 ಯಾಕೆ ಅಂತ ಗೊತ್ತಿಲ್ಲದೆ, ಆ ಬಾಗಿಲು ಕಾಯೋ ಫೈರ್‌ವಾಲ್ ಬಗ್ಗೆ ಓದಿದರೆ ಅದು ಬರೀ ಬಾಯಿಪಾಠ, ಅಲ್ವಾ? ಇನ್ನೊಂದು ಲಾಭವೂ ಇದೆ: ಈ ಸರ್ಟಿಫಿಕೇಟುಗಳ ಆಯಸ್ಸು 3 ವರ್ಷ, ಅಷ್ಟರೊಳಗೆ ಸೆಕ್ಯುರಿಟಿ ಪ್ಲಸ್ ಪಾಸಾದರೆ ಎ ಪ್ಲಸ್, ನೆಟ್‌ವರ್ಕ್ ಪ್ಲಸ್ ಎರಡೂ ತಾವಾಗೇ ನವೀಕರಣ ಆಗುತ್ತವೆ. ರೌಟರ್, ಸ್ವಿಚ್‌ನಂಥ ನೆಟ್‌ವರ್ಕ್ ಸಾಧನಗಳೇ ಇಷ್ಟ ಅಂದರೆ ನೆಟ್‌ವರ್ಕ್ ಪ್ಲಸ್ ಬದಲು ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟು ಸಿಸಿಎನ್‌ಎ ನೋಡಿ. ಅದು ಕಷ್ಟ ಜಾಸ್ತಿ, ಆದರೆ ಒಂದೇ ಪರೀಕ್ಷೆ. ದುಡ್ಡು ಕಟ್ಟೋ ಮುಂಚೆ ಹಿಂಜವಡಿಯ ಕೆಲಸದ ಜಾಹೀರಾತು ಹತ್ತಿಪ್ಪತ್ತು ಓದಿ, ಯಾವ ಹೆಸರು ಜಾಸ್ತಿ ಬರುತ್ತೆ ಅಂತ ಗುರುತು ಹಾಕ್ಕೊಳ್ಳಿ.